ಕಿರುಬೆರಳಿಗೊಂದು ಗೀಟು

ಬೆಳಕಿನ್ನೂ ಸರಿಯಾಗಿ ಹರಿದಿಲ್ಲ. ಓಣಿಗೆ ಹಾಲಿನವನಿಗಿಂತ ಮೊದಲು ಇಳಿದವಳು ಮಸಿಯಜ್ಜಿ. ಕಿವಿಯ ಸಂದಿಯಲ್ಲಿ ಮಾರ್ಕರ್ ಪೆನ್ನು, ಎರಡೂ ಹೆಬ್ಬೆರಳು ನೇರಳೆ ಬಣ್ಣ, ಮುಖದಲ್ಲಿ ದಂಡೆತ್ತಿ ಹೊರಟ ಕಳೆ. ಒಂದೊಂದೇ ಬಾಗಿಲು ತಟ್ಟುತ್ತಾಳೆ. ಹಿಂದೆ ನೀಲಿ ಲಸಿಕೆ ಪೆಟ್ಟಿಗೆ ಹೊತ್ತ ನರ್ಸಮ್ಮ, ಅವರ ಹಿಂದೆ ಏದುಸಿರು ಬಿಡುತ್ತಾ, ಪತ್ರಿಕೆಗೆ ಬರೆಯಲು ಬಂದ ನಾನು.

"ಮಕ್ಕಳು ಎದ್ದು ಕಾಲಿಗೆ ಬುದ್ಧಿ ಹೇಳೋಕೆ ಮುಂಚೆ ಹಿಡೀಬೇಕು. ಇವತ್ತು ಒಬ್ಬರನ್ನೂ ಬಿಡಲ್ಲ," ಎನ್ನುತ್ತಾಳೆ.

ಊರಿನ ಮಕ್ಕಳಲ್ಲಿ ದಡಾರ ಹಬ್ಬಿದೆ. ಆಸ್ಪತ್ರೆಯ ವಾರ್ಡಿನಲ್ಲಿ ಒಂದು ಮಂಚಕ್ಕೆ ಇಬ್ಬರು ಮಲಗಿದ್ದಾರೆ. ಇದೇ ಓಣಿಯ ಮೂಲೆಯ ಇಸ್ತ್ರಿ ಅಂಗಡಿಯವನ ಮಗನಿಗೆ ದಡಾರದ ಬೆನ್ನಿಗೇ ನ್ಯುಮೋನಿಯಾ ಆಗಿ, ಆಮ್ಲಜನಕ ಕೊಡುತ್ತಿದ್ದಾರೆ. ಶಾಲೆ, ಕಾರ್ಖಾನೆ ಗೇಟು, ಬಸ್ ನಿಲ್ದಾಣ ಎನ್ನದೆ ಎಲ್ಲೆಡೆ ಲಸಿಕೆ ನಡೆದಿದೆ. ಡಾಕ್ಟರು, ನರ್ಸುಗಳ ಫೋಟೋ ಪತ್ರಿಕೆಯಲ್ಲಿ ಬಂದಿದೆ, ಬರಲೇಬೇಕು. ಆದರೆ ಲಸಿಕೆ ಪಡೆದ ಮಗುವಿನ ಎಡಗೈ ಕಿರುಬೆರಳಿಗೆ ಉಗುರಿನಿಂದ ಚರ್ಮದವರೆಗೆ ಒಂದು ಗೀಟು ಎಳೆಯುವವರ ಫೋಟೋ ಯಾರು ಹಾಕುತ್ತಾರೆ?

ಮಸಿಯಜ್ಜಿ ಆರೋಗ್ಯ ಕೇಂದ್ರದಲ್ಲಿ ನೆಲ ಒರೆಸುವವಳು. ಜನ ಸಾಲದೆ ಬಂದಾಗ ಪೆನ್ನು ಇವಳ ಕೈಗೆ ಬಂತು. ದಿನಕ್ಕೆ ಇನ್ನೂರು, ಮುನ್ನೂರು ಬೆರಳು. ಮಂಡಿನೋವು ಬೇರೆ, ಆದರೂ ಕುಕ್ಕುರುಗಾಲಿನಲ್ಲಿ ಕೂತೇ ಹಾಕಬೇಕು, ಮಕ್ಕಳ ಬೆರಳು ಇರುವುದೇ ಅಷ್ಟು ಎತ್ತರದಲ್ಲಿ. ಸೂಜಿ ಬಲತೋಳಿಗೆ, ಮಸಿ ಎಡಗೈಗೆ. ಅಜ್ಜಿ ಮೊದಲೇ ಎಡಗೈ ಹಿಡಿದು, "ಅಯ್ಯಯ್ಯೋ, ಏನಿದು ಉಗುರು, ಇದರಲ್ಲಿ ಏನು ಗಿಡ ನೆಟ್ಟಿದೀಯೋ," ಎಂದು ಇಣುಕುತ್ತಾಳೆ. ಮಗುವೂ ಇಣುಕುತ್ತದೆ. ಅಷ್ಟರಲ್ಲಿ ನರ್ಸಮ್ಮನ ಕೆಲಸ ಮುಗಿದಿರುತ್ತದೆ.

"ನನ್ನ ದೊಡ್ಡ ಮಗಳಿಗೆ ಚಿಕ್ಕವಳಿದ್ದಾಗ ದಡಾರ ಬಂದು ಎರಡೂ ಕಿವಿ ಹೋಯ್ತು. ಈಗಲೂ ಹಿಂದಿನಿಂದ ಕರೆದ್ರೆ ತಿರುಗಲ್ಲ. ಅದಕ್ಕೇ ನಂಗೆ ಈ ಕೆಲಸ ಅಂದ್ರೆ ಹಸಿವು, ನಿದ್ದೆ ಏನೂ ಬೇಡ," ಎನ್ನುತ್ತಾಳೆ ಅಜ್ಜಿ.

ಅದು ಸರಿ, ಇವತ್ತು ಈ ಪರಿ ಅವಸರ ಏಕೆ? ಅದನ್ನು ಕೇಳಿದರೆ ನರ್ಸಮ್ಮ ಸೆರಗಿನಲ್ಲಿ ನಗು ಮುಚ್ಚುತ್ತಾರೆ. ನಿನ್ನೆ ಇದೇ ಓಣಿಗೆ ಬಂದಾಗ ಮಕ್ಕಳೆಲ್ಲ ತಾವಾಗಿ ಓಡಿಬಂದು ಎಡಗೈ ಚಾಚಿದರಂತೆ. ಎಲ್ಲರ ಕಿರುಬೆರಳಲ್ಲೂ ನೇರಳೆ ಗೀಟು. ಬೇರೆ ತಂಡದವರು ಬಂದು ಹೋಗಿರಬೇಕು ಎಂದುಕೊಂಡು, ಅಜ್ಜಿ ಅವರ ಬೆನ್ನು ತಟ್ಟಿ ಮುಂದಿನ ಓಣಿಗೆ ನಡೆದಳು. ಆ ಗುಂಪಿನಲ್ಲಿ ಅವಳ ಸ್ವಂತ ಮೊಮ್ಮಗಳೂ ಇದ್ದಳು. ಅಜ್ಜಿಯ ಮನೆಯೂ ಇದೇ ಓಣಿಯಲ್ಲಿದೆ.

ಸಂಜೆ ಊಟಕ್ಕೆ ಕೂತಾಗ, "ತೋಳು ಇನ್ನೂ ನೋಯತ್ತಾ ಪುಟ್ಟಿ?" ಎಂದು ಕೇಳಿದ್ದಾಳೆ. ಪುಟ್ಟಿ ಮುಖ ಕಿವುಚಿ, "ತುಂಬಾ," ಎಂದು ಎಡತೋಳು ತೋರಿಸಿದಳು.

ಸೂಜಿ ಹಾಕುವುದು ಬಲತೋಳಿಗಲ್ಲವೇ, ಅಲ್ಲಿಗೆ ಗುಟ್ಟು ರಟ್ಟಾಯಿತು. ಒಣಗಿತೆಂದು ಅಜ್ಜಿ ಮನೆಯಲ್ಲಿ ಎಸೆದಿದ್ದ ಹಳೇ ಪೆನ್ನಿನ ಮೂತಿಗೆ ಎರಡು ಹನಿ ಸ್ಯಾನಿಟೈಸರ್ ಬಿಟ್ಟು ಜೀವ ಬರಿಸಿ, ಇಡೀ ಓಣಿಗೆ ಗೀಟು ಹಾಕಿಕೊಟ್ಟವಳು ಪುಟ್ಟಿಯೇ.

"ಊರ ಮಕ್ಕಳ ಬೆರಳಿಗೆ ನಾನು ಮಸಿ ಹಾಕಿದ್ರೆ, ಇವಳು ನನ್ನ ಮುಖಕ್ಕೇ ಬಳಿದಳು. ನಗಬೇಡಿ, ನಂಗೆ ರಾತ್ರಿಯೆಲ್ಲ ನಿದ್ದೆ ಇಲ್ಲ. ಇಸ್ತ್ರಿಯವನ ಮಗನ ಜೊತೆ ಆಡ್ತಿದ್ದ ಮಕ್ಕಳು ಇವೆಲ್ಲ. ಒಬ್ಬರಿಗೂ ಸೂಜಿ ಬಿದ್ದಿಲ್ಲ."

ಈಗ ನಲ್ಲಿಕಟ್ಟೆಯ ಹತ್ತಿರ ಮಕ್ಕಳು ಕಣ್ಣುಜ್ಜುತ್ತಾ ನಿಂತಿದ್ದಾರೆ. ತಾಯಂದಿರು ರಟ್ಟೆ ಬಿಟ್ಟಿಲ್ಲ. ಆದರೆ ಎಲ್ಲರ ಕಣ್ಣೂ ಪುಟ್ಟಿಯ ಮೇಲೆ. ನಾಯಕಿ ಓಡಿದರೆ ಸೈನ್ಯವೂ ದಿಕ್ಕಾಪಾಲು. ಪುಟ್ಟಿಯ ತುಟಿ ನಡುಗುತ್ತಿದೆ.

"ಅಜ್ಜಿ, ನೋಯಲ್ಲ ಅಂತ ಎಲ್ಲರಿಗೂ ಹೇಳ್ಲಾ?"

"ಸುಳ್ಳು ನಿನ್ನೆಗೇ ಮುಗೀತು. ನೋಯತ್ತೆ ಅನ್ನು. ಕಟ್ಟಿರುವೆ ಕಚ್ಚಿದಷ್ಟು ಅನ್ನು."

ಪುಟ್ಟಿ ಬಲತೋಳು ಮುಂದೆ ಮಾಡುತ್ತಾಳೆ. ಅಜ್ಜಿ ಎಡಗೈ ಹಿಡಿದಿದ್ದಾಳೆ, ಆದರೆ ಇವತ್ತು ಉಗುರಿನ ಗಿಡದ ಮಾತಿಲ್ಲ. ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತಾರೆ. ಸೂಜಿ ಒಳಗೆ ಹೋಗಿ ಹೊರಗೆ ಬರುತ್ತದೆ. ಕಣ್ಣಲ್ಲಿ ನೀರು ತುಂಬಿಕೊಂಡೇ ಪುಟ್ಟಿ ತಿರುಗಿ, "ಕಟ್ಟಿರುವೆಯಷ್ಟೂ ಇಲ್ಲ ಕಣ್ರೋ, ಬರೀ ಕೆಂಪಿರುವೆಯಷ್ಟು," ಎಂದು ವರದಿ ಒಪ್ಪಿಸುತ್ತಾಳೆ. ಓಣಿಗೆ ಓಣಿಯೇ ನಗುತ್ತದೆ. ನನಗೆ ಕುಣಿಯಬೇಕೆನಿಸಿತು.

ಆಮೇಲೆ ಸಾಲು ಸರಸರನೆ ಸಾಗಿತು. ಕಿರುಬೆರಳುಗಳು ಆಗಲೇ ಕೆಟ್ಟಿದ್ದರಿಂದ ಈ ಓಣಿಗೆ ಮಾತ್ರ ಉಂಗುರ ಬೆರಳು ಎಂದು ಅಜ್ಜಿ ತೀರ್ಪು ಕೊಟ್ಟಳು. ಯಾರು ಮುಂದೆ, ಯಾರು ಹಿಂದೆ ಎಂದು ಜಬರ್ದಸ್ತು ಮಾಡಿದವಳು ಪುಟ್ಟಿ. ಹಾಲಿನವನು ಬರುವಷ್ಟರಲ್ಲಿ ಓಣಿಯಲ್ಲಿ ಗೀಟಿಲ್ಲದ ಉಂಗುರ ಬೆರಳು ಉಳಿದಿರಲಿಲ್ಲ. ಒಬ್ಬನದನ್ನು ಬಿಟ್ಟು.

ಇಸ್ತ್ರಿ ಅಂಗಡಿಯ ಬಾಗಿಲು ಮುಚ್ಚಿದೆ. ಮಗ ರಾತ್ರಿ ಎರಡು ಚಮಚ ಗಂಜಿ ಕುಡಿದನಂತೆ ಎಂದು ಯಾರೋ ಹೇಳುತ್ತಾರೆ. ಅಜ್ಜಿ ಆ ಮಾತನ್ನು ಇನ್ನೊಮ್ಮೆ ಹೇಳಿಸಿಕೊಳ್ಳುತ್ತಾಳೆ. ಪೆನ್ನಿನ ಮುಚ್ಚಳ ಹಾಕಿ ಕಿವಿಗೆ ಸಿಕ್ಕಿಸುತ್ತಾಳೆ.

ಏನಾದರೂ ಆಸೆ ಇದೆಯೇ ಎಂದು ಕೇಳಿದೆ.

"ಹುಷಾರಾದ್ಮೇಲೆ ಅವನಿಗೂ ಸೂಜಿ ಇದೆಯಂತೆ. ಅವನ ಬೆರಳಿಗೊಂದು ಗೀಟು ಹಾಕ್ಬೇಕು. ಅವತ್ತು ಈ ಪೆನ್ನನ್ನ ಎರಡು ತುಂಡು ಮಾಡಿ ಎಸೀತೀನಿ. ಮನೆಗೆ ಮಾತ್ರ ತಗೊಂಡು ಹೋಗಲ್ಲ."