ಹುಣಸೆಹಣ್ಣು ಹಾಕಿ ತೊಳೆದ ನಾಣ್ಯ

ಮಾವನವರ ಸಂಗ್ರಹದಲ್ಲಿದ್ದ ಹಳೆಯ ತಾಮ್ರದ ನಾಣ್ಯವೊಂದನ್ನು ಲಕ್ಷ್ಮೀಪೂಜೆಗೆಂದು ಹುಣಸೆಹಣ್ಣು ಹಾಕಿ ತಿಕ್ಕಿ, ಫಳಫಳ ಹೊಳೆಯುವಂತೆ ಮಾಡಿ ಅವರ ಕೈಗಿಟ್ಟೆ. ನಾನು ಅಜ್ಜಂಪುರಕ್ಕೆ ಸೊಸೆಯಾಗಿ ಬಂದ ಮೊದಲ ದೀಪಾವಳಿ ಅದು. ಮಾವ ಮೊಬೈಲಿನಲ್ಲಿದ್ದ ನಾಣ್ಯಗಳ ಫೋಟೊಗಳಲ್ಲಿ ಹುಡುಕಿ, ಅದೇ ನಾಣ್ಯದ ಹಳೆಯ ಫೋಟೊ ತೋರಿಸಿದರು. ಅದರಲ್ಲಿ ನಾಣ್ಯ ಕಡುಗಪ್ಪಾಗಿತ್ತು.

“ಆ ಕಪ್ಪು ಕೂರೋಕೆ ನೂರು ವರ್ಷ ಹಿಡೀತು ಕಣಮ್ಮ. ತಿಕ್ಕಿದ್ರೆ ಅದರ ಬೆಲೆ ಹೋಯ್ತು.”

ನಾಚಿಕೆಯಾದರೂ ಕುತೂಹಲ ತಡೆಯಲಾಗಲಿಲ್ಲ. ಒಂದೊಂದು ನಾಣ್ಯದ ಫೋಟೊವನ್ನೂ ಏಕೆ ತೆಗೆದಿಟ್ಟಿದ್ದೀರಿ ಎಂದು ಕೇಳಿದೆ.

“ನಿಮ್ಮತ್ತೆನೂ ಮದ್ವೆಯಾದ ವರ್ಷ ಹಿಂಗೇ ಒಂದನ್ನ ತಿಕ್ಕಿದ್ಲು. ಅದು ಮೊದ್ಲು ಹೆಂಗಿತ್ತು ಅಂತ ಈಗ ನನಗೇ ನೆನಪಿಲ್ಲ.”

ನಾನು ತೊಳೆದ ಆ ನಾಣ್ಯವನ್ನು ಮತ್ತೆ ತಿಕ್ಕಿಲ್ಲ. ಪ್ರತಿ ದೀಪಾವಳಿಗೆ ಅದರದೊಂದು ಫೋಟೊ ತೆಗೆದು ಮಾವನಿಗೆ ತೋರಿಸುತ್ತೇನೆ. ಈ ಸಲ ಅಂಚಿನಲ್ಲಿ ಒಂದಿಷ್ಟು ಕಪ್ಪು ಕಂಡಿತು.