ಕುಡಿಗಣ್ಣಿನ ಗುರಿ, ಎಡಗಿವಿಗೆ ಏಟು

ಹತ್ತು ಗುಂಡು ಹೊಡೆದ ಮನುಷ್ಯನ ಟಾರ್ಗೆಟ್‌ನಲ್ಲಿ ಹದಿಮೂರು ತೂತುಗಳಿದ್ದರೆ ಏನರ್ಥ?

ಆ ಮನುಷ್ಯ ನಾಗಾಚಾರ್. ಶಿವಾರಪಟ್ಟಣದವರು, ಕಲ್ಲಿನಲ್ಲಿ ದೇವರನ್ನು ಕೆತ್ತುವವರು. ತಮ್ಮ ಟಾರ್ಗೆಟ್ ಮುಂದೆ ನಿಂತು ತೂತುಗಳನ್ನು ಒಂದು ಸಲ ಎಣಿಸಿದರು. ಕನ್ನಡಕ ಒರೆಸಿಕೊಂಡು ಇನ್ನೊಂದು ಸಲ ಎಣಿಸಿದರು. ಆಮೇಲೆ ಪಕ್ಕದ ಟಾರ್ಗೆಟ್ ಕಡೆ ತಿರುಗಿದರು. ಅದು ನನ್ನದು. ಈಗತಾನೇ ಅಂಗಡಿಯಿಂದ ತಂದು ಅಂಟಿಸಿದ ಹಾಗೆ ಒಂದು ಕಲೆಯೂ ಇಲ್ಲದೆ ಇತ್ತು.

"ಮೇಡಂ, ನಿಮ್ಮವು ಮೂರು ನಮ್ಮನೇಗೆ ಬಂದವೆ," ಎಂದರು, ಬಹಳ ಮರ್ಯಾದೆಯಿಂದ.

ಉಳಿದ ಏಳು? ಅವುಗಳ ಅಡ್ರೆಸ್ ಹಿಂದಿನ ಬೆಟ್ಟಕ್ಕೆ ಮಾತ್ರ ಗೊತ್ತು.

ಇಪ್ಪತ್ತೆರಡು ವರ್ಷದಿಂದ ಮುಳಬಾಗಿಲಿನಲ್ಲಿ ಕನ್ನಡ ಪಾಠ ಮಾಡಿಕೊಂಡು, ವಾರಕ್ಕೊಮ್ಮೆ ಈ ಅಂಕಣದಲ್ಲಿ ನಿಮ್ಮ ತಲೆ ತಿನ್ನುತ್ತಿರುವ ನನಗೆ ಬಂದೂಕಿನ ಸಹವಾಸ ಏಕೆ ಬೇಕಿತ್ತು ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಸ್ಟಾಫ್‌ರೂಮಿನಲ್ಲೂ ಕೇಳಿದರು. (ಅಲ್ಲಿ ನಾನು "ಐದು ದಿನ ಗುಂಡು ಹಾಕೋಕೆ ಕೋಲಾರಕ್ಕೆ ಹೋಗ್ತಿದ್ದೀನಿ" ಎಂದುಬಿಟ್ಟೆ. ಹಾರಿಸೋಕೆ ಎನ್ನಬೇಕಿತ್ತು. ಒಂದು ಕ್ರಿಯಾಪದ ತಪ್ಪಿದರೆ ಕನ್ನಡದಲ್ಲಿ ಮಾನವೇ ಹೋಗುತ್ತದೆ.)

ಬೈರಕೂರಿನ ನಮ್ಮ ಮನೆಯಲ್ಲಿ ಮಾವನವರ ಹೆಸರಿನಲ್ಲಿ ಒಂದು ಬಂದೂಕು ಇತ್ತು. ಬೆಳೆ ಕಾಯಲು ಸರ್ಕಾರವೇ ಲೈಸೆನ್ಸ್ ಕೊಟ್ಟದ್ದು. ಒಂಟಿ ನಳಿಗೆ, ಮದ್ದು ತುಂಬಿ ಹೊಡೆಯುವಂಥದ್ದು. ಕಡಲೆಕಾಯಿ ಹೊಲಕ್ಕೆ ಹಂದಿ ನುಗ್ಗಿದರೆ ಮಾವ ಆಕಾಶಕ್ಕೆ ಒಂದು ಹೊಡೆಯುತ್ತಿದ್ದರು. ಹಂದಿ ಆಂಧ್ರಕ್ಕೆ ಓಡುತ್ತಿತ್ತು. (ಅಲ್ಲಿಯವರು ಹೊಡೆದರೆ ವಾಪಸ್ಸು ಕರ್ನಾಟಕಕ್ಕೆ. ಗಡಿ ಊರಿನ ಹಂದಿಗೂ ಎರಡು ರಾಜ್ಯ.) ಹೋದ ವರ್ಷ ಮಾವ ತೀರಿಕೊಂಡರು. ಬಂದೂಕು ಸ್ಟೇಷನ್ ಸೇರಿತು. ಮನೆಯವರಲ್ಲಿ ಯಾರಾದರೂ ಪೊಲೀಸರು ನಡೆಸುವ ಬಂದೂಕು ತರಬೇತಿ ಮುಗಿಸಿ, ಸರ್ಟಿಫಿಕೇಟ್ ಲಗತ್ತಿಸಿ ಅರ್ಜಿ ಹಾಕಿದರೆ ಅದು ಮನೆಗೆ ಬರುತ್ತದೆ. ಇಲ್ಲದಿದ್ದರೆ ಶಾಶ್ವತವಾಗಿ ಸರ್ಕಾರಕ್ಕೆ.

ಬರಲೇಬೇಕು ಎಂದು ಹಟ ಹಿಡಿದವರು ಅತ್ತೆ.

"ಆಯಪ್ಪ ಹೋಗ್ಬಿಟ್ಟ. ಆಯಪ್ಪನ ತುಪಾಕಿನಾದ್ರೂ ಮನೇಲಿರ್ಲಿ," ಎಂದರು. ತುಪಾಕಿ ಎಂದರೆ ತೆಲುಗಿನಲ್ಲಿ ಬಂದೂಕು. ನಮ್ಮ ಅತ್ತೆಗೆ ಕೋಪ ಬಂದರೆ ಕನ್ನಡ, ದುಃಖ ಬಂದರೆ ತೆಲುಗು. ಮಾವ ಹೋದ ಮೇಲೆ ಆಕೆ ನಮ್ಮನ್ನು ಒಂದು ಸೀರೆಯನ್ನೂ ಕೇಳಿರಲಿಲ್ಲ. ಕೇಳಿದ ಒಂದೇ ವಸ್ತು ಇದು. ಇಲ್ಲ ಎನ್ನಲು ಯಾರಿಗೆ ಬಾಯಿ ಬರುತ್ತದೆ?

ಸರಿಯಾಗಿ ನೋಡಿದರೆ ಹೋಗಬೇಕಾದವರು ನಮ್ಮ ಯಜಮಾನರು. ಆದರೆ ಅವರ ಬಲಭುಜ ಹಿಡಿದುಕೊಂಡು ಆರು ತಿಂಗಳಾಗಿದೆ, ಅಂಗಿ ತೊಡಿಸಲೂ ನಾನೇ ಬೇಕು. ಭುಜ ಏಳದಿದ್ದರೂ ಬಾಯಿಗೇನೂ ತೊಂದರೆ ಇಲ್ಲವಲ್ಲ. ಕನ್ನಡ, ತೆಲುಗು ಎರಡೂ ಭಾಷೆಯ ಸಿನಿಮಾಗಳನ್ನು ಅರೆದು ಕುಡಿದವರು. "ಏನ್ ಮಹಾ ಕಣೇ, ಒಂದೇ ಕೈಯಲ್ಲಿ ಹಿಡ್ಕೊಂಡು ಓಡ್ತಾ ಓಡ್ತಾ ಹೊಡೀತಾರೆ, ನೀನು ನಿಂತ್ಕೊಂಡು ಹೊಡೆಯಕ್ಕಾಗಲ್ವಾ?" ಎಂದು ನನ್ನನ್ನು ಕೋಲಾರದ ಬಸ್ಸು ಹತ್ತಿಸಿದರು.

ನಿಲ್ಲಿಸಲೂ ಇಲ್ಲ ಅಲ್ಲಿ. ಮಲಗಿಸಿದರು.

ಊರ ಹೊರಗೆ, ಬೆಟ್ಟದ ಬುಡದಲ್ಲಿ ಶೂಟಿಂಗ್ ರೇಂಜ್. ನಲವತ್ತೊಂಬತ್ತನೇ ವಯಸ್ಸಿನಲ್ಲಿ ಟಾರ್ಪಾಲಿನ ಮೇಲೆ ಬೋರಲು ಮಲಗಿ, ಮೊಣಕೈ ಊರಿ, ಮರಳಿನ ಮೂಟೆಯ ಮೇಲೆ ರೈಫಲ್ ಇಟ್ಟು, ಅದರ ಹಿಂಭಾಗವನ್ನು ಭುಜಕ್ಕೆ ಒತ್ತಿ ಹಿಡಿಯಬೇಕು. ಸಡಿಲ ಬಿಟ್ಟರೆ ಭುಜಕ್ಕೇ ಒದೆಯುತ್ತದೆ. ಹೀರೋ ಸಾಹೇಬರು ಇಷ್ಟು ಭಾರದ್ದನ್ನು ಒಂದು ಕೈಯಲ್ಲಿ ಎತ್ತಿ, ಇನ್ನೊಂದು ಕೈಯಲ್ಲಿ ಕೂದಲು ಸರಿ ಮಾಡಿಕೊಳ್ಳುತ್ತಾರಲ್ಲ, ಅವರಿಗೆ ಮನೆಯಲ್ಲಿ ಏನು ಹಾಕುತ್ತಾರೆ?

ಅದಕ್ಕೂ ಮೊದಲು ಎರಡು ದಿನ ಗುಂಡಿನ ಸುದ್ದಿಯೇ ಇರಲಿಲ್ಲ. ಬರೀ ಬೈಗುಳ. ನಮಗೆ ಕಲಿಸಿದವರು ಹೆಡ್ ಕಾನ್‌ಸ್ಟೇಬಲ್ ವೆಂಕಟರಾಯಪ್ಪ, ಶ್ರೀನಿವಾಸಪುರದ ಕಡೆಯವರು. ಬಿಲ್ಲಿನಂಥ ಮೀಸೆ, ಗಟ್ಟಿ ಗಂಟಲು. ನಮ್ಮ ಗುಂಪಿನ ಒಬ್ಬಾತ ಖಾಲಿ ರೈಫಲ್ ಹಿಡಿದು, ಸಿನಿಮಾ ಪೋಸ್ಟರಿನ ಹಾಗೆ ನಮ್ಮ ಕಡೆ ತಿರುಗಿ ನಿಂತ. ಫೋಟೋಗೆ. ವೆಂಕಟರಾಯಪ್ಪ ಅದನ್ನು ಕಿತ್ತುಕೊಂಡರು. "ಖಾಲಿ ಇದೆ ಸಾರ್," ಎಂದ ಅವನು. "ಖಾಲಿ ಬಂದೂಕು ಅನ್ನೋದು ಲೋಕದಲ್ಲೇ ಇಲ್ಲ ಕಣಯ್ಯಾ. ಸತ್ತೋರನ್ನ ಕೇಳು," ಎಂದರು. ಆ ಹುಡುಗಾಟದವನು ತರಬೇತಿ ಮುಗಿಯುವವರೆಗೆ ಮತ್ತೆ ಫೋನನ್ನೇ ಮುಟ್ಟಲಿಲ್ಲ.

ಮೂರನೇ ದಿನ ಗುಂಡು ಬಂತು. ನನ್ನ ಮಾನ ಹೋದ ದಿನವೂ ಅದೇ.

ನಾನು ಮಲಗಿ ಗುರಿ ಹಿಡಿದಿದ್ದೆ. ವೆಂಕಟರಾಯಪ್ಪ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಹೇಳಿದರು. "ಎಡಗಣ್ಣು ಮುಚ್ಚಿ ಮೇಡಂ. ಕುಡಿಗಣ್ಣಲ್ಲಿ ನೋಡಿ. ಕುಡಿಗಣ್ಣಲ್ಲೇ ನೋಡ್ಬೇಕು."

ಕುಡಿಗಣ್ಣು ಎಂದರೆ ಏನು? ಕನ್ನಡ ಮೇಡಂ ಆದ ನನ್ನನ್ನೇ ಕೇಳಿ. ಕಾವ್ಯದ ನಾಯಕಿ ಕಣ್ಣಿನ ಕೊನೆಯಿಂದ ಓರೆಯಾಗಿ ಬೀರುವ ನೋಟ. ಎಷ್ಟು ಬ್ಯಾಚಿಗೆ ಹೇಳಿಕೊಟ್ಟಿಲ್ಲ ನಾನು? ಪೊಲೀಸ್ ಇಲಾಖೆಯಲ್ಲಿ ಇಷ್ಟು ರಸಿಕತೆ ಇದೆಯೆಂದು ಈವರೆಗೆ ಗೊತ್ತಿರಲಿಲ್ಲ, ಅಷ್ಟೆ. ಗುರುವಿನ ಮಾತು ಮೀರಬಾರದೆಂದು ಎಡಗಣ್ಣು ಮುಚ್ಚಿ, ಕತ್ತು ಆ ಕಡೆ ಹೊರಳಿಸಿ, ಉಳಿದ ಒಂದು ಕಣ್ಣಿನ ಕೊನೆಯಿಂದ ಓರೆಯಾಗಿ ನೋಡಿದೆ. ನಾಗಾಚಾರರ ಟಾರ್ಗೆಟ್ ಬಹಳ ಚೆನ್ನಾಗಿ ಕಾಣಿಸಿತು. ಮುಂದಿನದು ನಿಮಗೆ ಗೊತ್ತೇ ಇದೆ.

"ಯಾಕ್ ಮೇಡಂ, ಹಂಗೆ ವಾರೆ ನೋಡ್ತಿದ್ರಿ?" ವೆಂಕಟರಾಯಪ್ಪ ಕೇಳಿದರು.

"ನೀವೇ ಕುಡಿಗಣ್ಣಲ್ಲಿ ನೋಡಿ ಅಂದ್ರಲ್ಲ."

"ಅದೇ ಮೇಡಂ. ಕುಡಿ ಕಣ್ಣು. ಅನ್ನ ತಿನ್ನೋ ಕೈ ಕಡೇದು."

ತೆಲುಗಿನಲ್ಲಿ ಕುಡಿ ಎಂದರೆ ಬಲ. ಮನೆಯಲ್ಲಿ ತೆಲುಗು, ಡ್ಯೂಟಿಯಲ್ಲಿ ಕನ್ನಡ ಆಡುವ ಮನುಷ್ಯನಿಗೆ ಎಡಗಣ್ಣು ಕನ್ನಡದಲ್ಲೇ ಬಂದಿತ್ತು, ಬಲಗಣ್ಣು ಮಾತ್ರ ತೆಲುಗಿನಲ್ಲಿ ಉಳಿದುಕೊಂಡಿತ್ತು. ಬೈರಕೂರಿಗೆ ಸೊಸೆಯಾಗಿ ಬಂದು ಇಪ್ಪತ್ತನಾಲ್ಕು ವರ್ಷವಾದರೂ, ಮಾಲೂರಿನಲ್ಲಿ ಹುಟ್ಟಿದ ನನ್ನ ತೆಲುಗು ಊಟ, ತಿಂಡಿ, ತರಕಾರಿ ದಾಟಿಲ್ಲ. ನಾಗಾಚಾರ್ ನಗಲಿಲ್ಲ. "ಗುರಿ ತಪ್ಪಿಲ್ಲ ಬಿಡಿ ಮೇಡಂ, ಭಾಷೆ ತಪ್ಪಿರೋದು," ಎಂದರು. ಒಳ್ಳೆಯ ಮನುಷ್ಯ. ಮೂರ್ತಿಯ ಕಣ್ಣು ಬಿಡಿಸುವಾಗ ಉಸಿರು ಹಿಡಿದೇ ಉಳಿ ಮುಟ್ಟಿಸುತ್ತಾರಂತೆ. ಅದೇ ಅಭ್ಯಾಸದಲ್ಲಿ ಇಲ್ಲೂ ಹತ್ತಕ್ಕೆ ಹತ್ತು ಹೊಡೆದಿದ್ದರು.

ಹೊಡೆದು ಮುಗಿಸಿದರೆ ಮನೆಗೆ ಹೋಗಬಹುದೆಂದುಕೊಂಡಿರಾ? ಸಿನಿಮಾದಲ್ಲಿ ಗುಂಡಿನ ಖಾಲಿ ಹಿತ್ತಾಳೆ ಕೇಸುಗಳು ಸ್ಲೋ ಮೋಷನ್ನಿನಲ್ಲಿ ಚೆಲ್ಲಾಡುತ್ತವೆ, ಹೀರೋ ಅವುಗಳನ್ನು ತುಳಿದುಕೊಂಡು ನಡೆದುಬಿಡುತ್ತಾನೆ. ಇಲ್ಲಿ ಎಷ್ಟು ಗುಂಡು ಕೊಟ್ಟಿದ್ದರೋ ಅಷ್ಟು ಖಾಲಿ ಕೇಸು ವಾಪಸ್ಸು ಕೊಡಬೇಕು. ಒಂದು ಕಮ್ಮಿ ಬಿತ್ತು. ಶಿಲ್ಪಿ, ರೈತ, ಮೇಡಂ, ಪೊಲೀಸ್ ಎಲ್ಲರೂ ಉರಿಬಿಸಿಲಿನಲ್ಲಿ ಸೊಂಟ ಬಗ್ಗಿಸಿ, ಬಿದ್ದ ಮೂಗುತಿ ಹುಡುಕುವವರಂತೆ ಹುಲ್ಲು ಕೆದಕಿದೆವು. ಮುಕ್ಕಾಲು ಗಂಟೆ. ಕೊನೆಗೆ ಸಿಕ್ಕಿದ್ದು ನನ್ನ ಚೂಡಿದಾರದ ಮಡಿಕೆಯಲ್ಲಿ. ಯಾವ ನಿರ್ದೇಶಕ ಈ ಸೀನ್ ತೆಗೆದಿದ್ದಾನೆ ಹೇಳಿ.

ಇನ್ನು ಸದ್ದು. ಸಿನಿಮಾದ ಡಿಶ್ಕ್ಯಾಂ ಎಲ್ಲ ಮರೆತುಬಿಡಿ. ನಿಜವಾದ ಗುಂಡು ಕಿವಿಗೆ ಕೇಳಿಸುವುದಕ್ಕಿಂತ ಮೊದಲು ಎದೆಗೆ ಗುದ್ದುತ್ತದೆ. ಕಿವಿಗೆ ಹತ್ತಿ ಕೊಟ್ಟಿದ್ದರು. ನನ್ನ ಓರೆನೋಟದ ಸಂಭ್ರಮದಲ್ಲಿ ಎಡಗಿವಿಯದು ಎಲ್ಲೋ ಬಿದ್ದುಹೋಗಿತ್ತು. ಹತ್ತನೇ ಗುಂಡಿನ ಹೊತ್ತಿಗೆ ಎಡಗಡೆಯ ಲೋಕವೇ ಬಾಗಿಲು ಹಾಕಿಕೊಂಡಿತ್ತು. ಒಳಗೆ ಕುಂಯ್ ಎನ್ನುವ ಒಂದೇ ಸದ್ದು.

"ಏಟು ಬೀಳೋದು ಎಡಗಿವಿಗೇ ಮೇಡಂ," ಎಂದರು ವೆಂಕಟರಾಯಪ್ಪ, ನನ್ನ ಬಲಗಡೆ ಬಂದು. "ಬಲಭುಜಕ್ಕೆ ಬಂದೂಕು ಇಟ್ರೆ ಎಡಗಿವಿ ಅದರ ಬಾಯಿ ಕಡೆಗಿರುತ್ತೆ. ನಿಮಗೆ ಎರಡು ದಿನಕ್ಕೆ ಸರಿ ಹೋಗುತ್ತೆ. ನಮ್ಮಂಗೆ ವರ್ಷಗಟ್ಲೆ ಹೊಡೆದೋರಿಗೆ ಹೋದದ್ದು ಹೋಯ್ತು. ದಪ್ಪ ಸದ್ದೆಲ್ಲಾ ಕೇಳುತ್ತೆ, ಸಣ್ಣ ದನಿ ಕೇಳಲ್ಲ. ಮನೇಲಿ ಅವಳು ಈ ಕಡೆ ನಿಂತು ಮಾತಾಡಿದ್ರೆ ನಂಗೆ ಬರೀ ಗಾಳಿ."

ಎಲ್ಲರೂ ನಕ್ಕರು, ನಾನೂ ನಕ್ಕೆ. ಕೊನೆಯ ದಿನ ಎರಡೂ ಕಿವಿಗೆ ಹತ್ತಿ ತುರುಕಿ, ಅನ್ನ ತಿನ್ನುವ ಕೈ ಕಡೆಯ ಕಣ್ಣಿನಲ್ಲೇ ನೋಡಿ, ಹತ್ತರಲ್ಲಿ ಏಳು ಹೊಡೆದೆ. ಏಳೂ ನನ್ನ ಟಾರ್ಗೆಟ್ಟಿಗೇ. ಸರ್ಟಿಫಿಕೇಟ್ ಕೊಟ್ಟರು. ಬೈರಕೂರಿನ ಬಸ್ಸಿನಲ್ಲಿ ಅದನ್ನು ಮಡಚದೆ, ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಬಂದೆ.

ಮನೆಗೆ ಬಂದವಳು ಕಾಫಿ ಹಿಡಿದು ಜಗುಲಿಯಲ್ಲಿ ಕೂತೆ. ಅತ್ತೆ ನನ್ನ ಎಡಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಸ್ವಲ್ಪ ಹೊತ್ತಿಗೆ ನನ್ನ ತೊಡೆಗೆ ಒಂದು ಏಟು ಬಿತ್ತು.

"ಏನಮ್ಮಾಯಿ, ನಿಂಗೂ ಬಂತಾ ಆಯಪ್ಪನ ಪೊಗರು? ಮೂರು ಸಲ ಕೇಳ್ದೆ, ಕಾಗ್ದ ಕೊಟ್ರಾ ಅಂತ."

"ಕೇಳಿಸ್ಲಿಲ್ಲ ಅತ್ತಮ್ಮ, ಇನ್ನೂ ಕಿವಿ ಸರಿಯಾಗಿಲ್ಲ."

ಅತ್ತೆಗೆ ನನ್ನ ಕಿವಿ ಬೇಕಿರಲಿಲ್ಲ. ಹಳೆಯದೊಂದು ಎದ್ದು ಕೂತಿತ್ತು. "ಆಯಪ್ಪನೂ ಹಿಂಗೇ ಕಣೇ. ನಲವತ್ತೈದು ವರ್ಷ. ನಾನು ಮಾತಾಡಿದ್ರೆ ಗೋಡೆಗೆ ಹೇಳ್ದಂಗೆ. ಬೀದೀಲಿ ಯಾರಾನ ಕೂಗಿದ್ರೆ ಓ ಅಂತಿದ್ದ. ಬಸ್ಸು ಕೆರೆ ಏರಿ ಮೇಲಿದ್ದಾಗ್ಲೇ ಬಂತು ಅಂತಿದ್ದ. ನಾನು ಕರೆದ್ರೆ ಮಾತ್ರ ಇಲ್ಲ. ನನ್ನ ಕಂಡ್ರೆ ಅಷ್ಟೇ ಆಯಪ್ಪಂಗೆ."

ನನ್ನ ಕಾಫಿ ಲೋಟ ಅಲ್ಲೇ ನಿಂತಿತು. ದಪ್ಪ ಸದ್ದು ಕೇಳುತ್ತದೆ, ಸಣ್ಣ ದನಿ ಕೇಳುವುದಿಲ್ಲ.

"ಅತ್ತಮ್ಮ, ಮಾವನ ಪಕ್ಕ ನೀವು ಯಾವ ಕಡೆ ಕೂತ್ಕೋತಿದ್ರಿ?"

"ಅದೇನ್ ಕೇಳ್ತೀಯ? ಹೆಂಡ್ತಿ ಯಾವ ಕಡೆ ಕೂತ್ಕೋತಾಳೆ? ಎಡಗಡೆ. ಧಾರೆ ದಿನ ಕೂರಿಸಿದ ಜಾಗ ಅದು. ಮನೇಲಾಗ್ಲಿ, ಬಸ್ಸಲ್ಲಾಗ್ಲಿ, ಅಲ್ಲೇ."

ನಾನು ಹೇಳಿದೆ. ಬಂದೂಕಿನ ಬಾಯಿ, ಎಡಗಿವಿ, ವೆಂಕಟರಾಯಪ್ಪನವರ ಹೆಂಡತಿ, ಎಲ್ಲವನ್ನೂ ಹೇಳಿದೆ. ಪಾಠ ಮಾಡುವವಳಾದ್ದರಿಂದ ಬಿಡಿಸಿ ಹೇಳುವುದು ನನಗೆ ಅಭ್ಯಾಸ. ಹೇಳುತ್ತಾ ಹೇಳುತ್ತಾ ಹೇಳಬಾರದಿತ್ತೇನೋ ಎನ್ನಿಸಿತು. ಅತ್ತೆಯ ಕೈಯಲ್ಲಿದ್ದ ಅವರೆಕಾಯಿ ಅರ್ಧ ಸುಲಿದು ಹಾಗೆಯೇ ಉಳಿದಿತ್ತು.

"ಆಯಪ್ಪಂಗೆ ಗೊತ್ತಿತ್ತಾ?"

"ಇರ್ಲಿಲ್ಲ ಅನ್ಸುತ್ತೆ ಅತ್ತಮ್ಮ. ತನಗೆ ಕೇಳಿಸದೆ ಇರೋದು ತನಗೆ ಹೆಂಗೆ ಗೊತ್ತಾಗುತ್ತೆ?"

ಅತ್ತೆ ಅರ್ಧ ಸುಲಿದ ಕಾಯಿಯನ್ನು ಹಾಗೆಯೇ ಕೆಳಗಿಟ್ಟರು. ಆಮೇಲೆ ನಿಧಾನವಾಗಿ ಕೇಳಿದರು. "ಒಂದ್ಸಲ ಹದಿನೈದು ದಿನ ಆಯಪ್ಪನ ಹತ್ರ ಮಾತು ಬಿಟ್ಟಿದ್ದೆ. ಅದೂ ತಿಳೀಲಿಲ್ವಾ ಹಂಗಾದ್ರೆ?"

ನಗು ಬಂತು, ಅಳುವೂ ಬಂತು. ಎರಡನ್ನೂ ಕಾಫಿ ಜೊತೆ ನುಂಗಿದೆ. ಒಂದು ಜೀವಮಾನವೆಲ್ಲ ಗಂಡನಿಗೆ ತಾನು ಬೇಡ ಎಂದುಕೊಂಡು ಬದುಕಿದ ಹೆಂಗಸಿಗೆ, ಅವನು ಹೋದ ಮೇಲೆ, ಅದು ಬರೀ ಕಿವಿ ಎಂದು ಗೊತ್ತಾದರೆ ಅದನ್ನು ಸಮಾಧಾನ ಎನ್ನಬೇಕೋ ಸಂಕಟ ಎನ್ನಬೇಕೋ? ನನಗೆ ತಿಳಿಯದು. ಸಂಕಟವೇ ಹೆಚ್ಚು ಎಂದು ನನ್ನ ಲೆಕ್ಕ.

ಮೂರು ದಿನ ಆಕೆ ಅದರ ಸುದ್ದಿ ಎತ್ತಲಿಲ್ಲ. ನಾಲ್ಕನೇ ದಿನ ಬೆಳಿಗ್ಗೆ ನಾನು ಅರ್ಜಿ ತುಂಬುತ್ತಿದ್ದಾಗ ಬಂದು ಎದುರಿಗೆ ನಿಂತರು.

"ಹಾಕ್ಬೇಡ. ಅದು ತುಪಾಕಿ ಅಲ್ಲ ಕಣೇ, ಸವತಿ."

ಯಜಮಾನರು ಒಳಗಿನಿಂದ ಎದ್ದು ಬಂದರು. "ಲೈಸೆನ್ಸ್ ಒಂದ್ಸಲ ಹೋದ್ರೆ ಮತ್ತೆ ಸಿಗಲ್ಲಮ್ಮ."

"ಹೋಗ್ಲಿ. ಹಂದಿ ಬಂದ್ರೆ ತಗಡು ಬಡೀರಿ."

ಅರ್ಜಿ ಹರಿದೆ. ಹತ್ತಕ್ಕೆ ಏಳು ಎನ್ನುವ ಸರ್ಟಿಫಿಕೇಟ್ ಮಾತ್ರ ಬೀರುವಿನಲ್ಲಿ ಭದ್ರವಾಗಿದೆ. ಅಷ್ಟು ಕಷ್ಟಪಟ್ಟು ಸಂಪಾದಿಸಿದ ವಿದ್ಯೆ, ಬಿಡಲಾದೀತೇ? ಮತ್ತು ಈಗ ನಾನು ಒಂದು ಮಾತನ್ನು ಧೈರ್ಯವಾಗಿ ಹೇಳಬಲ್ಲೆ: ನಮ್ಮ ಸಿನಿಮಾದವರು ಬಂದೂಕನ್ನು ಎಷ್ಟೋ ಆ್ಯಂಗಲ್ಲುಗಳಿಂದ ತೋರಿಸಿದ್ದಾರೆ, ಅದನ್ನು ಹಿಡಿದವನ ಹೆಂಡತಿಯ ಆ್ಯಂಗಲ್ ಒಂದನ್ನು ಬಿಟ್ಟು.

ಮೊನ್ನೆ ಭಾನುವಾರ ಮಧ್ಯಾಹ್ನ ಯಜಮಾನರು ಟಿವಿಯಲ್ಲಿ ಯಾವುದೋ ಸಿನಿಮಾ ಹಾಕಿಕೊಂಡು ಕೂತಿದ್ದರು. ಹೀರೋ ಎರಡೂ ಕೈಯಲ್ಲಿ ಬಂದೂಕು ಹಿಡಿದು ಒಂದು ಗೋಡೌನಿನ ತುಂಬ ಇದ್ದ ಜನರನ್ನು ಮಲಗಿಸಿದ. ಹೊಗೆ ಇನ್ನೂ ಇಳಿದಿರಲಿಲ್ಲ. ಹಿಂದೆ ದೂರದಲ್ಲಿ ನಿಂತಿದ್ದ ಹೀರೋಯಿನ್ ಮೆಲ್ಲಗೆ, ಬಹಳ ಮೆಲ್ಲಗೆ, ಅವನ ಹೆಸರು ಹಿಡಿದು ಕರೆದಳು. ಅವನು ತಕ್ಷಣ ತಿರುಗಿದ.

ಅತ್ತೆ ಟಿವಿಯನ್ನೇ ನೋಡುತ್ತಾ ಕೇಳಿದರು. "ಇಷ್ಟು ಹೊಡೆದ ಮೇಲೂ ಅವಳು ಕರೆದದ್ದು ಕೇಳಿಸ್ತಾ ಇವನಿಗೆ?"