ಅತ್ತೆಮ್ಮ ಹೂಂ ಅನ್ನದೆ ಆಪ್ ಹೊರಡಲ್ಲ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮೂರನೇ ಮಹಡಿಯ ಆಫೀಸಿಗೆ ನೆಲ ಒರೆಸುವಾಕೆ ಬಂದರೆ, ಅಲ್ಲೊಬ್ಬರು ಆಗಲೇ ಎರಡೂ ಕಾಲು ಕುರ್ಚಿ ಮೇಲೆ ಎತ್ತಿಕೊಂಡು, ಪರದೆಯಿಂದ ಕಣ್ಣು ಕೀಳದೆ ಕೂತಿದ್ದಾರೆ. "ನೀನು ಒರ್ಸಮ್ಮ, ನಂದಿನ್ನೂ ಗಲೀಜು ಮುಗ್ದಿಲ್ಲ" ಅನ್ನುತ್ತಾರೆ. ಆಫೀಸಿನವರಿಗೆಲ್ಲ ಇವರು ಎದುರಿಗೆ ಮೇಡಂ, ಬೆನ್ನ ಹಿಂದೆ ಅತ್ತೆಮ್ಮ. ಅದು ಅವರಿಗೂ ಗೊತ್ತು!

ಇಲ್ಲಿ ತಯಾರಾಗುವುದು ಕಿವಿ ಕೇಳದವರಿಗೆ ಎದುರಿನವರ ಮಾತನ್ನು ಮೊಬೈಲಿನಲ್ಲಿ ಅಕ್ಷರವಾಗಿ ತೋರಿಸುವ ಆಪ್. ಅದರ ಹೊಸ ಆವೃತ್ತಿ ಇವತ್ತೇ ಮಾರುಕಟ್ಟೆಗೆ ಹೋಗಬೇಕು. ಇಂಥ ಆಪನ್ನು ಯಾರೂ ಸೊನ್ನೆಯಿಂದ ಬರೆಯುವುದಿಲ್ಲ. ಮುಕ್ಕಾಲು ಪಾಲು ಕೋಡ್ ಯಾರೋ ಪುಣ್ಯಾತ್ಮರು ಬರೆದು ಎಲ್ಲರಿಗೂ ಬಿಟ್ಟುಕೊಟ್ಟದ್ದು. ಬಿಟ್ಟುಕೊಡುವಾಗ ಲೈಸೆನ್ಸ್ ಅಂತ ಷರತ್ತು ಹಾಕಿರುತ್ತಾರೆ. ಆ ಷರತ್ತು ಓದುವುದೇ ಅತ್ತೆಮ್ಮನ ಕೆಲಸ.

"ಪಕ್ಕದ್ಮನೆಯಿಂದ ಹೆಪ್ಪು ತರ್ತೀವಲ್ಲ, ಹಂಗೆ. ಒಬ್ರು 'ನನ್ ಹೆಸ್ರು ಹೇಳು, ಮೊಸರು ಮಾರ್ಕೋ' ಅಂತಾರೆ. ಇನ್ನೊಬ್ರು 'ಮಾರು, ಆದ್ರೆ ಕೊಂಡೋರಿಗೆ ಮಾಡೋ ರೀತೀನೂ ಪೂರ್ತಿ ಹೇಳ್ಕೊಡು' ಅಂತಾರೆ. ಅವ್ರ ಹೆಪ್ಪು ಹಾಕಿ ಗುಟ್ಟು ಮಾಡಿದ್ರೆ ಮೋಸ ಅಲ್ವಾ?"

ಇವತ್ತು ಸಿಕ್ಕಿಬಿದ್ದಿರುವುದು ಆ ಎರಡನೇ ಹೆಪ್ಪು. ಸುತ್ತಲಿನ ಗದ್ದಲ ಸೋಸುವ ಭಾಗದಲ್ಲಿದೆ. ಹಾಗೇ ಹೊರಟರೆ ಕಂಪನಿ ತನ್ನ ಇಡೀ ಆಪಿನ ಕೋಡನ್ನು ಬಿಚ್ಚಿಡಬೇಕು. ಅದನ್ನು ಸೇರಿಸಿದ ಡೆವಲಪರ್ ತಲೆ ಕೆರೆಯುತ್ತಾನೆ. "ಅವ್ರ ಕೋಡ್ ಫೈಲಿನ ತಲೇಲಿದ್ದ ಸಾಲೆಲ್ಲ ಬರೀ ಟಿಪ್ಪಣಿ ಅಲ್ವಾ ಮೇಡಂ, ನೀಟಾಗಿರ್ಲಿ ಅಂತ ಅಳಿಸ್ದೆ."

"ಷರತ್ತು ಇದ್ದದ್ದೇ ಅಲ್ಲಿ ಕಣೋ! ಗುಡಿಸ್ತೀನಿ ಅಂತ ಮನೆ ಯಜಮಾನನ್ನೇ ಹೊರಗೆ ಹಾಕಿದೀಯಲ್ಲ!"

ಮಾಲೀಕರಿಗೆ ತಡೆಯಲಾಗುತ್ತಿಲ್ಲ. "ಇವತ್ತು ಬಿಡೋಣ, ಆಮೇಲೆ ಸರಿ ಮಾಡೋಣ. ಯಾರಿಗ್ ಗೊತ್ತಾಗುತ್ತೆ?"

"ಹೋದ್ವರ್ಷ ನಮ್ ಕೋಡ್ ಕದ್ದೋರೂ ಹಂಗೇ ಅಂದ್ಕೊಂಡಿದ್ರು ಸರ್. ನೀವು ಆ ಪಾಟಿ ಕೂಗಾಡಿದ್ರಲ್ಲ!"

"ಸರಿ, ಸಂಜೆಯೊಳಗೆ ಮುಗ್ಸಿ" ಅಂತ ಮಾಲೀಕರು ಎದ್ದು ಹೋಗುತ್ತಾರೆ.

ಈ ಹಟ ಸುಮ್ಮನೆ ಬಂದದ್ದಲ್ಲ. ಅತ್ತೆಮ್ಮ ಮೊದಲು ಸಾಫ್ಟ್‌ವೇರ್ ಪರೀಕ್ಷಿಸುವ ಟೆಸ್ಟರ್ ಆಗಿದ್ದ ಕಂಪನಿಯಲ್ಲಿ ಇಂಥದ್ದೇ ಎಡವಟ್ಟು ಮಾರಾಟವಾದ ಮೇಲೆ ಬಯಲಾಗಿ, ಸಾಫ್ಟ್‌ವೇರನ್ನು ವಾಪಸ್ ತರಿಸಿ, ಇಡೀ ತಂಡವನ್ನೇ ಮನೆಗೆ ಕಳಿಸಿದ್ದರು. "ಆಗ ಕೂತು ಲೈಸೆನ್ಸ್ ಓದೋಕೆ ಶುರು ಮಾಡ್ದೆ. ನಮ್ಮೆಜಮಾನ್ರು 'ಇದನ್ನ ಓದೋರೂ ಇರ್ತಾರಾ?' ಅಂತ ಬಿದ್ದು ಬಿದ್ದು ನಕ್ರು."

ತಡೆದು ಸುಮ್ಮನಾಗುವ ಜಾಯಮಾನ ಇವರದ್ದಲ್ಲ. ಹೆಸರು ಹೇಳಿದರೆ ಸಾಕು ಅನ್ನುವ ಇನ್ನೊಬ್ಬರ ಕೋಡನ್ನು ಮಧ್ಯಾಹ್ನದೊಳಗೆ ಹುಡುಕಿ ಕೊಡುತ್ತಾರೆ. ಡೆವಲಪರ್ ಊಟ ಬಿಟ್ಟು ಕೂತು ಹಳೆಯದನ್ನು ಕಿತ್ತು ಹೊಸದನ್ನು ಕೂರಿಸುತ್ತಾನೆ. ಕಿವಿ ಕೇಳದ ಟೆಸ್ಟರ್ ಒಬ್ಬಾಕೆ ಬಸ್ಸು, ಹಾರ್ನುಗಳ ನಡುವೆ ರಸ್ತೆಗಿಳಿದು ನಿಲ್ಲುತ್ತಾಳೆ. ಅತ್ತೆಮ್ಮ ಎದುರು ನಿಂತು "ಊಟ ಆಯ್ತೇನೇ?" ಅನ್ನುತ್ತಾರೆ. ಮಾತು ಒಂದಕ್ಷರ ಬಿಡದೆ ಪರದೆಯಲ್ಲಿ ಮೂಡುತ್ತದೆ. ಆಕೆ ನಗುತ್ತಾ ಹೆಬ್ಬೆರಳು ಎತ್ತುತ್ತಾಳೆ. ಅತ್ತೆಮ್ಮ ಹೂಂ ಅನ್ನುತ್ತಾರೆ!

ಆಪ್ ಹೊರಡುವ ಮುಂಚೆ ಒಂದೇ ಕೆಲಸ ಬಾಕಿ. ಆಪಿನ ತೀರಾ ಕೊನೆಯಲ್ಲಿ, ಯಾರ‍್ಯಾರ ಕೋಡ್ ಬಳಸಿದ್ದಾರೋ ಅವರೆಲ್ಲರ ಹೆಸರಿನ ಪುಟವಿದೆ. ಹೊಸ ಹೆಸರನ್ನು ಅತ್ತೆಮ್ಮ ತಾವೇ ಸೇರಿಸುತ್ತಾರೆ.

"ಇದನ್ನ ಯಾರ್ ಓದ್ತಾರೆ ಮೇಡಂ?" ಡೆವಲಪರ್ ಕಿಚಾಯಿಸುತ್ತಾನೆ.

"ಓದೋದು ಬೇಡಪ್ಪ. ಬರೆದೋರ ಮಗಳೋ ಮೊಮ್ಮಗಳೋ ಒಂದಿನ ಹುಡುಕ್ಕೊಂಡು ಬಂದ್ರೆ, ಹೆಸ್ರು ಇಲ್ಲಿರ್ಬೇಕು. ನಾವು ಮಾರೋದ್ರಲ್ಲಿ ಕದ್ದ ಸಾಲು ಒಂದೂ ಇಲ್ಲ. ನಂಗಷ್ಟೇ ಸಾಕು."